ಈ ಋತುವಿನ ಹಸಿರು, ಹೋದ ಋತುವಿನ ಕೆಲಸ

ಬಿಸಿಲು ಏರಿತು ಅಂದರೆ ಸಾಕು, ಮನೆ ಮುಂದಿನ ಹುಲ್ಲುಹಾಸು ಅಲ್ಲಲ್ಲಿ ಹಳದಿಯಾಗುತ್ತದೆ. ತಕ್ಷಣ ಪೈಪ್ ಹಿಡಿದು ಓಡುತ್ತೇವೆ. ಒಂದು ಚೀಲ ಗೊಬ್ಬರ ತಂದು ಎರಚುತ್ತೇವೆ. ಆದರೆ ಆ ಹಳದಿ ಈ ವಾರ ಶುರುವಾದದ್ದಲ್ಲ. ಎರಡು ಮೂರು ತಿಂಗಳ ಹಿಂದೆ ಹುಲ್ಲು ಸೊಂಪಾಗಿ ಬೆಳೆಯುತ್ತಿದ್ದಾಗ ಅದನ್ನು ನೆಲಮಟ್ಟಕ್ಕೆ ಬೋಳಿಸಿದ್ದಿರಬಹುದು. ದಿನಾ ಸ್ವಲ್ಪ ಸ್ವಲ್ಪ ನೀರು ಚಿಮುಕಿಸಿದ್ದಿರಬಹುದು. ಇದರಿಂದ ಬೇರು ಕೆಳಗೆ ಇಳಿಯದೆ ಮೇಲೆಯೇ ಉಳಿದಿರುತ್ತದೆ. ಬಿಸಿಲು ಆ ತಪ್ಪನ್ನು ಹೊರಗೆ ಹಾಕಿತು, ಅಷ್ಟೇ.

ತೋಟದ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಈ ಲೆಕ್ಕ. ಈಗ ಕಣ್ಣಿಗೆ ಬೀಳುವುದು ಹೋದ ಋತುವಿನ ಫಲ. ಈಗ ಮಾಡುವ ಕೆಲಸ ಮುಂದಿನ ಋತುವಿಗೆ. ತಿಂಗಳಿಗೆ ಇಂತಿಂಥ ಕೆಲಸ ಅಂತ ಅಚ್ಚುಹಾಕಿದ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಅವು ಸುಳ್ಳಲ್ಲ. ಆದರೆ ಆ ಪಟ್ಟಿಗೆ ನಿಮ್ಮ ಮಣ್ಣು ಗೊತ್ತಿಲ್ಲ, ಈ ವರ್ಷ ಮಳೆ ತಡವಾದದ್ದು ಗೊತ್ತಿಲ್ಲ, ನಿಮ್ಮ ಅಂಗಳದಲ್ಲಿ ಯಾವ ಹುಲ್ಲಿದೆ ಅನ್ನುವುದೂ ಗೊತ್ತಿಲ್ಲ.

ಯಾವ ಹುಲ್ಲು ಅನ್ನುವುದರಿಂದಲೇ ಶುರು ಮಾಡಬೇಕು. ಗರಿಕೆ, ಜೋಯ್ಸಿಯಾ ಇವೆಲ್ಲ ಸೆಕೆ ಬಯಸುವ ಹುಲ್ಲು. 27ರಿಂದ 35 ಡಿಗ್ರಿ ಸೆಲ್ಸಿಯಸ್ ಇದ್ದಾಗ ಹುರುಪಾಗಿ ಬೆಳೆಯುತ್ತವೆ. ರೈ ಹುಲ್ಲು, ಫೆಸ್ಕ್ಯೂ, ಕೆಂಟಕಿ ಬ್ಲೂಗ್ರಾಸ್ ತಂಪು ಬಯಸುವವು. ಅವಕ್ಕೆ 15ರಿಂದ 24 ಡಿಗ್ರಿ ಹಿತ. ಮೊದಲ ಗುಂಪು ಚಳಿ ಬಿದ್ದಾಗ ಒಣಗಿದ ಬಣ್ಣಕ್ಕೆ ತಿರುಗಿ ಮಲಗಿಬಿಡುತ್ತದೆ. ಎರಡನೆಯದು ಬಿರುಬೇಸಿಗೆಯಲ್ಲಿ ಮಲಗುತ್ತದೆ. ಮಲಗಿದ ಹುಲ್ಲು ಸತ್ತ ಹುಲ್ಲಲ್ಲ. ಅನುಮಾನ ಬಂದರೆ ಒಂದು ಹಿಡಿ ಹುಲ್ಲನ್ನು ಹಿಡಿದು ಮೆಲ್ಲಗೆ ಎಳೆದು ನೋಡಿ. ಬುಡ ಗಟ್ಟಿಯಾಗಿದ್ದು, ಎಳೆದರೂ ಬಾರದಿದ್ದರೆ ಜೀವ ಇದೆ. ಸುಲಭವಾಗಿ ಕಿತ್ತು ಕೈಗೆ ಬಂದರೆ ಬೇರು ಹೋಗಿದೆ. ಒಂದೊಂದು ಸಲ ಹುಲ್ಲಿನ ಹಾಸೇ ಮಡಚಿದ ಹಾಗೆ ಎದ್ದು ಬರುತ್ತದೆ. ಆಗ ಅದರ ಕೆಳಗೆ ಬೆಳ್ಳಗೆ ಸುರುಳಿ ಸುತ್ತಿಕೊಂಡ ಗೊಣ್ಣೆಹುಳು ಇದೆಯಾ ಅಂತ ಹುಡುಕಬೇಕು.

ಮಲಗಿದ ಹುಲ್ಲಿಗೆ ಸಾರಜನಕದ ಗೊಬ್ಬರ ಹಾಕಿದರೆ ಅದನ್ನು ಹುಲ್ಲು ತಿನ್ನುವುದಿಲ್ಲ, ಪಕ್ಕದ ಕಳೆ ತಿನ್ನುತ್ತದೆ. ಉಳಿದದ್ದು ನೀರಿನ ಜೊತೆ ಚರಂಡಿ ಸೇರುತ್ತದೆ. ಸೆಕೆ ಹುಲ್ಲಿಗೆ ಪೂರ್ತಿ ಹಸಿರಾದ ಮೇಲೆ ಗೊಬ್ಬರ ಶುರು ಮಾಡಿ, ಚಳಿ ಬೀಳುವುದಕ್ಕೆ ಒಂದೂವರೆ ತಿಂಗಳು ಇದೆ ಅನ್ನುವಾಗ ನಿಲ್ಲಿಸಬೇಕು. ತಂಪು ಹುಲ್ಲಿನ ಲೆಕ್ಕ ಬೇರೆ. ಅದಕ್ಕೆ ದೊಡ್ಡ ಪಾಲು ಸಲ್ಲಬೇಕಾದದ್ದು ಬೇಸಿಗೆ ಕಳೆದು ತಂಪು ಶುರುವಾದಾಗ. ಆ ಹೊತ್ತಿನಲ್ಲಿ ಎಲೆಯ ಓಟ ಕಡಿಮೆ, ಬೇರಿನ ಕೆಲಸ ಜಾಸ್ತಿ. ಆಗ ತಿಂದದ್ದನ್ನು ಬುಡದಲ್ಲಿ ಕೂಡಿಟ್ಟುಕೊಂಡು ಮುಂದಿನ ವಸಂತದಲ್ಲಿ ಖರ್ಚು ಮಾಡುತ್ತದೆ. ವಸಂತದಲ್ಲಿ ಬೇಗ ಹಸಿರಾದ ಲಾನ್ ನೋಡಿ, ಈಗ ಏನು ಹಾಕಿದಿರಿ ಅಂತ ಎಲ್ಲರೂ ಕೇಳುತ್ತಾರೆ. ಕೇಳಬೇಕಾದದ್ದು ಆರು ತಿಂಗಳ ಹಿಂದೆ ಏನು ಹಾಕಿದ್ದಿರಿ ಅಂತ.

ಪ್ರತಿ ಋತು ಬದಲಾಗುವಾಗ ನಾನು ತಪ್ಪದೆ ಮಾಡುವ ಕೆಲಸ ಒಂದಿದೆ. ಹುಲ್ಲುಹಾಸಿನ ಒಂದು ಮೂಲೆಯಲ್ಲಿ ಅಂಗೈ ಅಗಲದ ಚೌಕವನ್ನು ಸನಿಕೆಯಿಂದ ನಾಲ್ಕೂ ಕಡೆ ಕೊಯ್ದು, ಒಂದು ಗೇಣು ಆಳದವರೆಗೆ ಎಬ್ಬಿಸಿ ತೆಗೆಯುವುದು. ಅದನ್ನು ಪಕ್ಕಕ್ಕೆ ಹೊರಳಿಸಿ ಬೆಳಕಿಗೆ ಹಿಡಿದರೆ ಇಡೀ ವರ್ಷದ ಕತೆ ಅಲ್ಲೇ ಇರುತ್ತದೆ. ಮೇಲೆ ಹಸಿರು. ಅದರ ಕೆಳಗೆ ಕಂದು ಬಣ್ಣದ ಒಂದು ಪದರ, ಒತ್ತಿದರೆ ತಗ್ಗಿ ಬಿಟ್ಟರೆ ಏಳುವಂಥದ್ದು. ಅದರ ಕೆಳಗೆ ಮಣ್ಣು. ಬೇರು ಎಲ್ಲಿಯವರೆಗೆ ಹೋಗಿದೆ ಅಂತ ಬೆರಳಿಂದ ಬಿಡಿಸಿ ನೋಡುತ್ತೇನೆ. ಬಿಳಿಯಾಗಿ ಬಿಗಿಯಾಗಿದ್ದರೆ ಸರಿ. ಕಪ್ಪಾಗಿ, ಉಜ್ಜಿದಾಗ ಸಿಪ್ಪೆ ಜಾರಿದರೆ ಕೊಳೆತಿದೆ. ಎರಡು ಮೂರು ಸೆಂಟಿಮೀಟರ್ ಇಳಿದು ಅಡ್ಡಕ್ಕೆ ತಿರುಗಿದ್ದರೆ ಅಲ್ಲಿ ಗಟ್ಟಿ ಪದರ ಇದೆ ಅಂತ ಅರ್ಥ. ಮೂಸಿಯೂ ನೋಡಬೇಕು. ಹದವಾದ ಮಣ್ಣಿಗೆ ಮೊದಲ ಮಳೆಯ ವಾಸನೆ ಇರುತ್ತದೆ. ಗಾಳಿಯಿಲ್ಲದ ಮಣ್ಣು ಕೊಳೆತ ನಾತ ಬೀರುತ್ತದೆ. ನೋಡಿಯಾದ ಮೇಲೆ ಚೌಕವನ್ನು ಇದ್ದ ಜಾಗದಲ್ಲೇ ಇಟ್ಟು, ಕಾಲಿಂದ ಅದುಮಿ, ನೀರು ಹಾಕಿದರೆ ಮತ್ತೆ ಕೂಡಿಕೊಳ್ಳುತ್ತದೆ.

ಆ ಕಂದು ಪದರ ಇದೆಯಲ್ಲ, ಅದು ಸತ್ತ ಕಾಂಡ, ಬೇರು, ಬುಡದ ನಾರುಗಳು ಸೇರಿ ಆದದ್ದು. ಒಂದು ಸೆಂಟಿಮೀಟರ್ ಆಸುಪಾಸಿನಲ್ಲಿದ್ದರೆ ಒಳ್ಳೆಯದೇ. ಬುಡವನ್ನು ಬಿಸಿಲಿನಿಂದ ಕಾಯುತ್ತದೆ. ಅದಕ್ಕಿಂತ ದಪ್ಪವಾದರೆ ತೊಂದರೆ ಶುರು. ಬೇರು ಮಣ್ಣಿಗೆ ಇಳಿಯದೆ ಆ ಪದರದಲ್ಲೇ ಮನೆ ಮಾಡಿಕೊಳ್ಳುತ್ತದೆ. ಬಿಸಿಲು ಬಂದಾಗ ಮೊದಲು ಒಣಗುವುದೂ ಅದೇ ಪದರ. ಕತ್ತರಿಸಿದ ಹುಲ್ಲನ್ನು ಲಾನ್ ಮೇಲೆ ಬಿಡುವುದರಿಂದ ಈ ಪದರ ಬೆಳೆಯುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ಕತ್ತರಿಸಿದ ಎಲೆ ಬಹುಪಾಲು ನೀರು, ಬೇಗ ಕರಗಿಹೋಗುತ್ತದೆ. ಚಿಕ್ಕ ಚಿಕ್ಕದಾಗಿ ಕತ್ತರಿಸಿ ಅಲ್ಲೇ ಬಿಟ್ಟರೆ ಹುಲ್ಲಿಗೆ ವರ್ಷಕ್ಕೆ ಬೇಕಾದ ಸಾರಜನಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗದವರೆಗೆ ಅದರಿಂದಲೇ ವಾಪಸ್ ಸಿಗುತ್ತದೆ. ಅದನ್ನು ಚೀಲಕ್ಕೆ ತುಂಬಿ ಕಸಕ್ಕೆ ಕಳಿಸಿ, ಆಮೇಲೆ ಗೊಬ್ಬರದ ಚೀಲ ಕೊಂಡು ತರುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಪದರ ದಪ್ಪವಾಗುವುದು ಅದನ್ನು ಕರಗಿಸುವವರು ಇಲ್ಲದಾಗ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1856ರಲ್ಲಿ ಒಂದು ಹುಲ್ಲುಗಾವಲನ್ನು ತುಂಡು ತುಂಡಾಗಿ ಭಾಗ ಮಾಡಿ, ಒಂದೊಂದು ತುಂಡಿಗೆ ಒಂದೊಂದು ಬಗೆಯ ಗೊಬ್ಬರ ಹಾಕತೊಡಗಿದರು. ಆ ಪ್ರಯೋಗ ಇವತ್ತಿಗೂ ನಡೆಯುತ್ತಿದೆ. ವರ್ಷ ವರ್ಷ ಅಮೋನಿಯಂ ಸಲ್ಫೇಟ್ ಅನ್ನುವ ಸಾರಜನಕದ ಗೊಬ್ಬರ ಬಿದ್ದು, ಸುಣ್ಣ ಕಾಣದ ತುಂಡುಗಳಲ್ಲಿ ಮಣ್ಣು ವಿಪರೀತ ಹುಳಿಯಾಯಿತು. ಅಂಥ ಮಣ್ಣಿನಲ್ಲಿ ಎರೆಹುಳು ನಿಲ್ಲಲಿಲ್ಲ. ಸತ್ತ ಹುಲ್ಲು ಕರಗದೆ ಮೇಲೆಯೇ ದಪ್ಪಗೆ ಕೂತಿತು. ಏನೂ ಹಾಕದ ತುಂಡಿನಲ್ಲಿ ಹತ್ತಾರು ಬಗೆಯ ಗಿಡಗಳು ಇವತ್ತಿಗೂ ಇವೆ, ಹುಳಿಯಾದ ತುಂಡಿನಲ್ಲಿ ಎರಡು ಮೂರು ಬಗೆಯ ಹುಲ್ಲು ಮಾತ್ರ. ಬೇಗ ಹಸಿರಾಗಲಿ ಅಂತ ಸುರಿದದ್ದು ವರ್ಷಗಳ ಮೇಲೆ ಎಲ್ಲಿಗೆ ತಲುಪುತ್ತದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಎರೆಹುಳು ಎಷ್ಟು ಕೆಲಸ ಮಾಡುತ್ತದೆ ಅನ್ನುವುದನ್ನು ಚಾರ್ಲ್ಸ್ ಡಾರ್ವಿನ್ ತಾಳ್ಮೆಯಿಂದ ಅಳೆದಿದ್ದರು. ತಮ್ಮ ಮನೆ ಹತ್ತಿರದ ಹೊಲದ ಒಂದು ಭಾಗದ ಮೇಲೆ 1842ರಲ್ಲಿ ಸೀಮೆಸುಣ್ಣದ ಚೂರು ಹರಡಿಸಿದರು. 29 ವರ್ಷ ಕಾದರು. 1871ರಲ್ಲಿ ಅಗೆಸಿ ನೋಡಿದಾಗ ಆ ಬಿಳಿ ಚೂರುಗಳ ಸಾಲು 7 ಇಂಚು ಕೆಳಗೆ ಇತ್ತು. ಯಾರೂ ಅದನ್ನು ಹೂತಿರಲಿಲ್ಲ. ಎರೆಹುಳುಗಳು ಕೆಳಗಿನ ಮಣ್ಣನ್ನು ತಿಂದು ಮೇಲೆ ತಂದು ಹಾಕುತ್ತಾ ಹೋಗಿದ್ದವು. ಲಾನ್ ಮೇಲೆ ಕಾಣುವ ಸಣ್ಣ ಗುಪ್ಪೆಗಳು ಹಾಗೆ ಅವು ತಂದು ಹಾಕಿದ ಮಣ್ಣೇ. ಅಂದ ಕೆಡುತ್ತದೆ ಅಂತ ಎರೆಹುಳುಗಳಿಗೆ ಔಷಧಿ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಒಣಗಿದ ಮೇಲೆ ಪೊರಕೆಯಿಂದ ಒಮ್ಮೆ ಗುಡಿಸಿದರೆ ಅದೇ ಮಣ್ಣು ಹುಲ್ಲಿನ ಸಂದಿಗೆ ಗೊಬ್ಬರವಾಗಿ ಇಳಿಯುತ್ತದೆ.

ಇನ್ನು ಕತ್ತರಿಸುವ ವಿಷಯ. ಹುಲ್ಲಿನ ಎಲೆ ಬೆಳೆಯುವುದು ತುದಿಯಿಂದಲ್ಲ, ಬುಡದಿಂದ. ಅದಕ್ಕೇ ಎಷ್ಟು ಸಲ ಕತ್ತರಿಸಿದರೂ ಮತ್ತೆ ಬರುತ್ತದೆ. ಆದರೆ ಬರುತ್ತದೆ ಅಂತ ಬೋಳಿಸಿದರೆ ಬೆಲೆ ತೆರುವುದು ಬೇರು. ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಎಫ್. ಜೆ. ಕ್ರೈಡರ್ ಹಲವು ಹುಲ್ಲುಗಳನ್ನು ಬೇರೆ ಬೇರೆ ಅಳತೆಗೆ ಕತ್ತರಿಸಿ ಬೇರಿನ ಬೆಳವಣಿಗೆಯನ್ನು ಗಮನಿಸಿದರು. ಆ ಕೆಲಸ 1955ರಲ್ಲಿ ಪ್ರಕಟವಾಯಿತು. ಎಲೆಯ ಶೇಕಡ 40ರವರೆಗೆ ತೆಗೆದರೆ ಬೇರು ಬೆಳೆಯುತ್ತಲೇ ಇತ್ತು. ಅರ್ಧ ದಾಟಿದ ಮೇಲೆ ನಿಲ್ಲತೊಡಗಿತು. ಶೇಕಡ 80ರಷ್ಟು ತೆಗೆದಾಗ ಬೇರು ದಿನಗಟ್ಟಲೆ ಬೆಳೆಯುವುದನ್ನೇ ಬಿಟ್ಟಿತು. ಎಲೆಯೇ ಅಲ್ವಾ ಅದಕ್ಕೆ ಊಟ ಮಾಡಿಕೊಡುವುದು? ಅದು ಹೋದಾಗ ಬುಡದಲ್ಲಿ ಕೂಡಿಟ್ಟದ್ದನ್ನೆಲ್ಲ ಹೊಸ ಎಲೆಗೆ ಸುರಿಯುತ್ತದೆ, ಬೇರಿಗೆ ಏನೂ ಉಳಿಯುವುದಿಲ್ಲ. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬೇಡಿ ಅಂತ ತೋಟದವರು ಹೇಳುವುದಕ್ಕೆ ಹಿಂದಿರುವ ಕಾರಣ ಇದು.

ಹಾಗಾಗಿ ನನ್ನ ಪ್ರಕಾರ ಬೇಸಿಗೆಯ ಕೆಲಸ ಶುರುವಾಗಬೇಕಾದದ್ದು ಬೇಸಿಗೆಗೆ ಮುಂಚೆ, ಹುಲ್ಲು ಕತ್ತರಿಸುವ ಮಷಿನ್ನಿನ ಬ್ಲೇಡಿನ ಎತ್ತರ ಬದಲಿಸುವುದರಿಂದ. ಗರಿಕೆಯನ್ನು 2.5ರಿಂದ 4 ಸೆಂಟಿಮೀಟರ್‌ಗೆ ಇಡಬಹುದು. ಫೆಸ್ಕ್ಯೂ ತರಹದ ಹುಲ್ಲಿಗೆ 6ರಿಂದ 9 ಬೇಕು. ಬಿಸಿಲು ಜೋರಾಗುವ ಮೊದಲೇ ಇದ್ದ ಎತ್ತರಕ್ಕಿಂತ ಒಂದು ಮೆಟ್ಟಿಲು ಏರಿಸಿ. ಮರದ ನೆರಳಿನಲ್ಲಂತೂ ಇನ್ನೂ ಉದ್ದ ಇರಲಿ. ಎಲೆ ಉದ್ದ ಇದ್ದಷ್ಟೂ ಬೇರು ಆಳ, ಮಣ್ಣಿಗೆ ನೆರಳು, ಕಳೆಯ ಬೀಜಕ್ಕೆ ಬೆಳಕಿಲ್ಲ. ಊರಿಗೆ ಹೋಗಿ ಬಂದಾಗ ಹುಲ್ಲು ಮೊಣಕಾಲು ಮುಟ್ಟುವಂತೆ ಬೆಳೆದಿದ್ದರೆ ಒಂದೇ ಸಲಕ್ಕೆ ಇಳಿಸಬೇಡಿ. ಎರಡು ಮೂರು ದಿನ ಬಿಟ್ಟು ಬಿಟ್ಟು, ಸ್ವಲ್ಪ ಸ್ವಲ್ಪವೇ ಇಳಿಸಿ.

ಬ್ಲೇಡಿನ ಹರಿತದ ಬಗ್ಗೆ ಕೇಳುವವರೇ ಕಡಿಮೆ. ಕತ್ತರಿಸಿದ ಮರುದಿನ ಬಗ್ಗಿ ಒಂದು ಎಲೆಯ ತುದಿ ನೋಡಿ. ನೇರವಾಗಿ ತುಂಡಾಗಿದ್ದರೆ ಸರಿ. ತುದಿ ಸೀಳಿ, ಬಿಳಿ ನಾರು ಹೊರಬಂದು, ಅದು ಕಂದಾಗಿದ್ದರೆ ಬ್ಲೇಡ್ ಕತ್ತರಿಸಿಲ್ಲ, ಹರಿದಿದೆ. ದೂರದಿಂದ ಇಡೀ ಲಾನ್ ಮಬ್ಬಾಗಿ ಕಾಣುವುದು ಎಷ್ಟೋ ಸಲ ಇದೇ ಕಾರಣಕ್ಕೆ. ಹರಿದ ಗಾಯದಿಂದ ನೀರು ಜಾಸ್ತಿ ಹೋಗುತ್ತದೆ, ಬೂಷ್ಟು ರೋಗಕ್ಕೂ ಬಾಗಿಲು ತೆರೆದಂತೆ.

ನೀರಿನ ವಿಷಯಕ್ಕೆ ಬಂದರೆ, ಬಿಸಿಲಿನ ಕಾಲದಲ್ಲಿ ಬೆಳೆಯುತ್ತಿರುವ ಲಾನ್‌ಗೆ ವಾರಕ್ಕೆ ಸುಮಾರು 25 ಮಿಲಿಮೀಟರ್ ನೀರು ಸಾಕು, ಮಳೆಯೂ ಸೇರಿ. ಒಂದು ಚದರ ಮೀಟರ್‌ಗೆ 25 ಲೀಟರ್ ಅಂತ ಇಟ್ಟುಕೊಳ್ಳಿ. ಎಷ್ಟು ಬೀಳುತ್ತಿದೆ ಅಂತ ತಿಳಿಯಲು ಸ್ಪ್ರಿಂಕ್ಲರ್ ಸುತ್ತ ಅಲ್ಲಲ್ಲಿ ನಾಲ್ಕೈದು ಖಾಲಿ ಡಬ್ಬಿ ಇಟ್ಟು ನೋಡಿ. ಒಂದು ಮೂಲೆಯ ಡಬ್ಬಿ ತುಂಬಿದಾಗ ಇನ್ನೊಂದು ಮೂಲೆಯದು ತಳ ಮಾತ್ರ ನೆನೆದಿರುವುದು ಸಾಮಾನ್ಯ. ಈ ನೀರನ್ನು ಏಳು ದಿನಕ್ಕೆ ಹಂಚಿ ಚಿಮುಕಿಸುವುದಕ್ಕಿಂತ ಎರಡು ಸಲದಲ್ಲಿ ಆಳಕ್ಕೆ ಇಳಿಯುವಂತೆ ಕೊಡುವುದು ಮೇಲು. ಜೇಡಿ ಮಣ್ಣಾದರೆ ಒಮ್ಮೆಲೇ ಸುರಿದರೆ ಹರಿದು ಹೋಗುತ್ತದೆ. ಸ್ವಲ್ಪ ಕೊಟ್ಟು, ಅರ್ಧ ಗಂಟೆ ಬಿಟ್ಟು, ಮತ್ತೆ ಕೊಡಿ. ನೀರು ಕೊಟ್ಟು ಮುಗಿದ ಮೇಲೆ ಒಂದು ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಒಂದು ಗೇಣು ಸಲೀಸಾಗಿ ಇಳಿದರೆ ನೀರೂ ಅಲ್ಲಿಯವರೆಗೆ ಇಳಿದಿದೆ.

ಹೊತ್ತು ಬೆಳಗಿನ ಜಾವವೇ ಒಳ್ಳೆಯದು. ರಾತ್ರಿಯಿಡೀ ಎಲೆ ಒದ್ದೆಯಾಗಿದ್ದರೆ ರೋಗ ಬರುತ್ತದೆ. ನೀರು ಬೇಕು ಅಂತ ಹುಲ್ಲೇ ಹೇಳುತ್ತದೆ. ಹಸಿರಿನಲ್ಲಿ ಒಂದು ಬಗೆಯ ನೀಲಿ ಬೂದು ಛಾಯೆ ಬರುತ್ತದೆ. ಅದರ ಮೇಲೆ ನಡೆದು ಹಿಂದಿರುಗಿ ನೋಡಿದರೆ ಹೆಜ್ಜೆ ಗುರುತು ಹಾಗೇ ಉಳಿದಿರುತ್ತದೆ. ಒಳಗೆ ನೀರಿದ್ದ ಎಲೆ ತುಳಿದ ಮೇಲೆ ಎದ್ದು ನಿಲ್ಲುತ್ತದೆ, ನೀರಿಲ್ಲದ್ದು ಏಳುವುದಿಲ್ಲ. ಈ ಗುರುತು ಕಂಡ ದಿನ ನೀರು ಕೊಡಿ. ಅದಕ್ಕೆ ಮುಂಚೆ ಸ್ವಲ್ಪ ಬಾಯಾರಿದರೆ ಬೇರು ನೀರು ಹುಡುಕಿಕೊಂಡು ಕೆಳಗೆ ಹೋಗುತ್ತದೆ.

ಮಳೆಗಾಲದಲ್ಲಿ ಮುಖ್ಯವಾದದ್ದು ಸುಮ್ನಿರುವುದು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಒದ್ದೆ ಮಣ್ಣನ್ನು ತುಳಿದರೆ, ಅದರ ಮೇಲೆ ಮಷಿನ್ ಓಡಿಸಿದರೆ, ಮಣ್ಣಿನ ಒಳಗಿನ ಗಾಳಿಯ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಒಂದು ಮಧ್ಯಾಹ್ನ ಒದ್ದೆ ಮಣ್ಣಿನ ಮೇಲೆ ಓಡಾಡಿದ್ದು ಮುಂದಿನ ಬೇಸಿಗೆಯಲ್ಲಿ ನೀರು ಇಳಿಯದ ಗಟ್ಟಿ ನೆಲವಾಗಿ ಎದುರು ಬರುತ್ತದೆ. ಪಾತಿ ಅಗೆಯುವ ಮೊದಲೂ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಕಟ್ಟಿ. ಉಂಡೆಯಾಗಿ, ಬೆರಳಿಂದ ತಟ್ಟಿದರೆ ಪುಡಿಯಾಗಬೇಕು. ತಟ್ಟಿದರೂ ಉಂಡೆ ಹಾಗೇ ಇದ್ದರೆ ಗುದ್ದಲಿ ಒಳಗಿಡಿ.

ನೆಲ ಈಗಾಗಲೇ ಗಟ್ಟಿಯಾಗಿದ್ದರೆ ಅದಕ್ಕೆ ತೂತು ಹಾಕಬೇಕು. ಮೊಳೆ ಚುಚ್ಚಿದ ಹಾಗೆ ಸುಮ್ನೆ ಚುಚ್ಚಿದರೆ ಪಕ್ಕದ ಮಣ್ಣು ಇನ್ನೂ ಒತ್ತಿಕೊಳ್ಳುತ್ತದೆ. 5ರಿಂದ 8 ಸೆಂಟಿಮೀಟರ್ ಆಳದ ಮಣ್ಣಿನ ತುಂಡನ್ನು ಹೊರತೆಗೆಯುವ ಸಲಕರಣೆ ಬೇಕು. ಹೊರಬಂದ ತುಂಡುಗಳನ್ನು ಅಲ್ಲೇ ಬಿಟ್ಟರೆ ಒಡೆದು ಹುಲ್ಲಿನ ಒಳಗೆ ಸೇರುತ್ತವೆ. ಇದನ್ನು ಹುಲ್ಲು ಚೆನ್ನಾಗಿ ಬೆಳೆಯುವ ಕಾಲದಲ್ಲೇ ಮಾಡಬೇಕು, ಗಾಯ ಬೇಗ ಮಾಯಲಿ ಅಂತ. ಮಲಗಿದ ಹುಲ್ಲಿಗೆ ಮಾಡಿದರೆ ತೂತುಗಳಲ್ಲಿ ಕಳೆ ಬರುತ್ತದೆ.

ಎಲೆ ಉದುರುವ ಕಾಲಕ್ಕೆ ಮನೆಮನೆಯಲ್ಲೂ ಗುಡಿಸುವ ಸದ್ದು. ಹುಲ್ಲು ಕಾಣದಷ್ಟು ದಪ್ಪಗೆ ಬಿದ್ದಿದ್ದರೆ ಗುಡಿಸಲೇಬೇಕು, ಇಲ್ಲದಿದ್ದರೆ ಕೆಳಗಿನ ಹುಲ್ಲು ಬೆಳಕಿಲ್ಲದೆ ಕೊಳೆಯುತ್ತದೆ. ತೆಳ್ಳಗಿದ್ದರೆ ಮಷಿನ್ ಓಡಿಸಿ ಪುಡಿ ಮಾಡಿ ಅಲ್ಲೇ ಬಿಡಿ. ಗುಡಿಸಿದ ತರಗೆಲೆಯನ್ನು ಸುಡುವುದು ಮಾತ್ರ ಬೇಡವೇ ಬೇಡ. ಗಿಡಗಳ ಪಾತಿಗೆ ನಾಲ್ಕು ಬೆರಳು ದಪ್ಪ ಹೊದಿಸಿ. ಕಾಂಡಕ್ಕೆ ತಾಗದಂತೆ ಸುತ್ತ ಜಾಗ ಬಿಡಿ, ತಾಗಿದರೆ ತೊಗಟೆ ಕೊಳೆಯುತ್ತದೆ. ಆ ಹೊದಿಕೆಯ ಕೆಳಗೆ ಎಷ್ಟೋ ಚಿಟ್ಟೆ, ಮಿಂಚುಹುಳಗಳ ಮರಿಗಳು ಚಳಿ ಕಳೆಯುತ್ತವೆ. ಅಂಗಳ ಪೂರ್ತಿ ಒಪ್ಪವಾಗಿರಬೇಕು ಅನ್ನುವ ಆಸೆ ನನಗೂ ಅರ್ಥವಾಗುತ್ತದೆ. ಒಂದು ಮೂಲೆಯನ್ನಾದರೂ ಅವಕ್ಕೆ ಬಿಟ್ಟುಕೊಡಿ.

ಕಳೆಯ ಮಾತು ಬಂದಾಗಲೆಲ್ಲ ನನಗೆ ವಿಲಿಯಂ ಬೀಲ್ ನೆನಪಾಗುತ್ತಾರೆ. ಅಮೆರಿಕದ ಮಿಷಿಗನ್‌ನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು. 1879ರಲ್ಲಿ 21 ಬಗೆಯ ಗಿಡಗಳ ಬೀಜಗಳನ್ನು, ಒಂದೊಂದರದು 50ರಂತೆ, ಮರಳಿನ ಜೊತೆ 20 ಬಾಟಲಿಗಳಿಗೆ ತುಂಬಿ ನೆಲದಲ್ಲಿ ಹೂತಿಟ್ಟರು. ಬೀಜ ಎಷ್ಟು ವರ್ಷ ಬದುಕುತ್ತದೆ ಅಂತ ತಿಳಿಯಬೇಕಿತ್ತು. ಅವರ ನಂತರ ಒಬ್ಬರಿಂದ ಒಬ್ಬರು ಆ ಕೆಲಸ ಮುಂದುವರಿಸಿಕೊಂಡು ಬಂದಿದ್ದಾರೆ. 2021ರಲ್ಲಿ ಒಂದು ಬಾಟಲಿ ತೆಗೆದರು. 140 ವರ್ಷ ದಾಟಿದ ಆ ಬೀಜಗಳಲ್ಲಿ ಮುಲ್ಲೈನ್ ಅನ್ನುವ ಕಳೆ ಜಾತಿಯ ಕೆಲವು ಮೊಳೆತವು. ಮುಂದಿನ ಬಾಟಲಿ ತೆಗೆಯುವುದು 2040ರಲ್ಲಿ.

ನಿಮ್ಮ ಅಂಗಳದ ಮಣ್ಣಿನ ಕೆಳಗೂ ಹೀಗೆ ಕಾಯುತ್ತಿರುವ ಬೀಜಗಳಿವೆ. ಬಹಳಷ್ಟಕ್ಕೆ ಬೇಕಾದದ್ದು ಒಂದು ಕ್ಷಣದ ಬೆಳಕು. ಬೇಡದಿದ್ದರೂ ಅಗೆದು ಮಗುಚಿದರೆ ಅವನ್ನು ಮೇಲಕ್ಕೆ ಕರೆದಂತೆ. ಹಾಗಾಗಿ ಪಾತಿಯ ಕಳೆಯನ್ನು ಕುರುಪಿಯಿಂದ ಮೇಲ್ಮೇಲೆ ಕೆರೆದರೆ ಸಾಕು, ಹೂ ಬಿಡುವ ಮೊದಲು, ಬಿಸಿಲಿದ್ದ ದಿನ. ಜೇಕು ಮಾತ್ರ ಬೇರೆ. ಅದರ ಗಡ್ಡೆ ಆಳದಲ್ಲಿ ಸರಪಳಿಯ ಹಾಗೆ ಹೆಣೆದಿರುತ್ತದೆ, ಮೇಲಿಂದ ಕಿತ್ತರೆ ಉಳಿದ ಗಡ್ಡೆಗಳು ಚಿಗುರುತ್ತವೆ. ಎಳೆಯದಾಗಿದ್ದಾಗಲೇ, ಹೊಸ ಗಡ್ಡೆ ಕಟ್ಟುವ ಮೊದಲು, ಮತ್ತೆ ಮತ್ತೆ ತೆಗೆಯುತ್ತಾ ಹೋದರೆ ನಿಧಾನಕ್ಕೆ ಸೊರಗುತ್ತದೆ.

ಚಳಿಗಾಲದಲ್ಲಿ ಹುಲ್ಲಿನ ಕೆಲಸ ಕಡಿಮೆ. ಹಿಮ ಗಟ್ಟಿದ ಬೆಳಗ್ಗೆ ಅದರ ಮೇಲೆ ನಡೆಯಬೇಡಿ, ಎಲೆಯ ಒಳಗೆ ನೀರು ಹೆಪ್ಪುಗಟ್ಟಿರುವುದರಿಂದ ಮುರಿದು ಕಪ್ಪಾಗುತ್ತದೆ. ಸಲಕರಣೆ ತೊಳೆದು ಎಣ್ಣೆ ಸವರಿ, ಬ್ಲೇಡ್ ಮಸೆಯಿಸಿ. ಮಣ್ಣು ಪರೀಕ್ಷೆ ಮಾಡಿಸಲೂ ಇದೇ ಸಮಯ. ಮಣ್ಣಿನ ಹುಳಿಯನ್ನು ತಿಳಿಸುವ ಅಳತೆ ಪಿಎಚ್. ಅದು ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಪಿಎಚ್ 6ರಿಂದ 7ರ ನಡುವೆ ಇದ್ದರೆ ಹೆಚ್ಚಿನ ಹುಲ್ಲುಗಳಿಗೆ ಸರಿ. ಕಡಿಮೆ ಇದ್ದು ಸುಣ್ಣ ಹಾಕಬೇಕಾಗಿ ಬಂದರೆ, ಅದು ಕೆಲಸ ಮಾಡಲು ತಿಂಗಳುಗಳು ಬೇಕು. ಈಗ ಹಾಕಿದ್ದು ಬೆಳೆಯುವ ಕಾಲಕ್ಕೆ ಸಿಗುತ್ತದೆ. ಪರೀಕ್ಷೆ ಇಲ್ಲದೆ ಸುಣ್ಣ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಪೊದೆ, ಮರ ಸವರುವ ಕೆಲಸದಲ್ಲಿ ಒಂದು ಋತು ಮುಂದೆ ಯೋಚಿಸುವುದು ಎಷ್ಟು ಮುಖ್ಯ ಅನ್ನುವುದು ಎಲ್ಲಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ. ವಸಂತದ ಶುರುವಿನಲ್ಲೇ ಹೂ ಬಿಡುವ ಪೊದೆಗಳು ತಮ್ಮ ಮೊಗ್ಗನ್ನು ಹಿಂದಿನ ವರ್ಷದ ಕೊಂಬೆಯಲ್ಲೇ ಕಟ್ಟಿಟ್ಟಿರುತ್ತವೆ. ಚಳಿಗಾಲದಲ್ಲಿ ಬರಿಯ ಕಡ್ಡಿ ಕಾಣುತ್ತದೆ ಅಂತ ಕತ್ತರಿಸಿದರೆ ಬರಬೇಕಾದ ಹೂವನ್ನೇ ಕತ್ತರಿಸಿದಂತೆ. ಇವನ್ನು ಹೂ ಮುಗಿದ ಕೂಡಲೇ ಸವರಬೇಕು. ಬೇಸಿಗೆಯಲ್ಲಿ ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುವವನ್ನು ಚಳಿಯ ಕೊನೆಯಲ್ಲಿ, ಚಿಗುರುವ ಮುಂಚೆ ಸವರಬೇಕು.

ಮರದ ಕೊಂಬೆಯಾದರೆ ಎಲ್ಲಿ ಕತ್ತರಿಸುತ್ತೀರಿ ಅನ್ನುವುದೂ ಮುಖ್ಯ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಉದ್ದುದ್ದಕ್ಕೆ ಸೀಳಿ ನೋಡಿ, ಮರ ಗಾಯವನ್ನು ಮಾಯಿಸುವುದಿಲ್ಲ, ಅದರ ಸುತ್ತ ಗೋಡೆ ಕಟ್ಟಿ ಒಳಗೇ ಮುಚ್ಚಿಡುತ್ತದೆ ಅಂತ ತೋರಿಸಿದರು. ಕೊಂಬೆಯ ಬುಡದಲ್ಲಿ ಉಬ್ಬಿದ ಒಂದು ಸುತ್ತು ಇರುತ್ತದೆ. ಗೋಡೆ ಕಟ್ಟುವ ಕೆಲಸ ಅಲ್ಲಿಂದಲೇ. ಕಾಂಡಕ್ಕೆ ಒತ್ತಿ ನುಣುಪಾಗಿ ಕತ್ತರಿಸಿದರೆ ಆ ಉಬ್ಬೇ ಹೋಗುತ್ತದೆ. ಉಬ್ಬನ್ನು ಬಿಟ್ಟು, ಅದರ ಹೊರಗೆ ಕತ್ತರಿಸಿ. ಗಾಯಕ್ಕೆ ಬಣ್ಣ, ಡಾಂಬರು ಬಳಿಯುವ ಅಗತ್ಯವಿಲ್ಲ.

ಹೊಸದಾಗಿ ಕೊಂಡ ಮನೆಯಲ್ಲಿ ಗುರುತಿಲ್ಲದ ಪೊದೆಗಳಿದ್ದರೆ ಒಂದು ವರ್ಷ ಅವಕ್ಕೆ ಕತ್ತರಿ ತಾಗಿಸಬೇಡಿ. ಹೂ ಯಾವ ತಿಂಗಳಲ್ಲಿ ಬಂತು, ಹಳೆ ಕೊಂಬೆಯಲ್ಲೋ ಹೊಸ ಚಿಗುರಿನಲ್ಲೋ ಅಂತ ಬರೆದಿಟ್ಟುಕೊಳ್ಳಿ. ಒಣಗಿದ್ದು, ಮುರಿದದ್ದು, ಒಂದಕ್ಕೊಂದು ಉಜ್ಜುವ ಕೊಂಬೆಗಳಿದ್ದರೆ ಮಾತ್ರ ಯಾವ ಕಾಲದಲ್ಲಾದರೂ ತೆಗೆಯಬಹುದು. ಒಣಗಿದೆಯೋ ಇಲ್ಲವೋ ಅಂತ ತಿಳಿಯದಿದ್ದರೆ ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಹಾಗೇ ಬಿಡಿ.